ಅಸಲು ಉಳಿಸುವ ಲೆಕ್ಕ

ಶ್ರವಣಬೆಳಗೊಳಕ್ಕೆ ಬಂದ ಬಸ್ಸುಗಳು ದೊಡ್ಡಬೆಟ್ಟದ ಬುಡದಲ್ಲೇ ನಿಲ್ಲುತ್ತವೆ. ಜನ ಇಳಿದು ಚಪ್ಪಲಿ ಬಿಡುತ್ತಾರೆ, ಬಿಸಿಲಿಗೆ ಕಾದ ಬಂಡೆ ನೋಡಿ ಹಿಂಜರಿಯುತ್ತಾರೆ, ಪಕ್ಕದ ಅಂಗಡಿಯಲ್ಲಿ ಒಂದು ಜೊತೆ ಕಾಲುಚೀಲ ಕೊಂಡು ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತಾರೆ. ಗೊಮ್ಮಟನನ್ನು ನೋಡಿ ಇಳಿದು ಬಂದ ಮೇಲೆ ಎಳನೀರು, ಮಜ್ಜಿಗೆ, ಉಪ್ಪು ಖಾರ ಸವರಿದ ಸೌತೆಕಾಯಿ. ಆಮೇಲೆ ಬಸ್ಸು ಹೊರಟುಬಿಡುತ್ತದೆ. ಚಿಕ್ಕಬೆಟ್ಟದ ಆಚೆ, ಒಂದು ಕಿಲೋಮೀಟರಿನಷ್ಟು ದೂರದಲ್ಲಿರುವ ಜಿನನಾಥಪುರಕ್ಕೆ ಹೋಗಿಬರುವವರು ಕಡಿಮೆ.

ಹೋದವರಿಗೆ ಅಲ್ಲಿ ಶಾಂತಿನಾಥ ಬಸದಿ ಸಿಗುತ್ತದೆ. ಊರನ್ನು ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಬಸದಿಯನ್ನು ಸುಮಾರು 1200ರ ಹೊತ್ತಿಗೆ ಕಟ್ಟಿಸಿದವನು ಇಮ್ಮಡಿ ಬಲ್ಲಾಳನ ಕಾಲದ ದಂಡನಾಯಕ ರೇಚಿಮಯ್ಯ. ಹೊರಗೋಡೆಯ ತುಂಬ ಹೊಯ್ಸಳ ಕೆತ್ತನೆ; ಬಸದಿಗಳಲ್ಲಿ ಇಷ್ಟು ತುಂಬಿದ ಗೋಡೆ ಅಪರೂಪ.

ಈ ಎರಡೂ ಕಡೆಯ ಸಣ್ಣ ಅಂಗಡಿಗಳ ಬದುಕು ಒಂದೇ ಅಲ್ಲ. ಬೆಟ್ಟದ ಬುಡದ ಅಂಗಡಿ ನಡೆಯುವುದು ಪ್ರವಾಸಿಗರಿಂದ: ಶನಿವಾರ, ಭಾನುವಾರ, ಶಾಲಾ ಪ್ರವಾಸದ ಡಿಸೆಂಬರ್, ಬೇಸಿಗೆ ರಜೆ. ಎಲ್ಲವೂ ನಗದು, ಇಲ್ಲವೇ ಮೊಬೈಲಿನಲ್ಲಿ ಸ್ಕ್ಯಾನು. ಹಳ್ಳಿಯೊಳಗಿನ ಕಿರಾಣಿ ಅಂಗಡಿಗೆ ಬರುವವರು ಮಾತ್ರ ಊರಿನವರೇ. ಅವರ ಕೈಗೆ ದುಡ್ಡು ಬರುವುದು ಡೇರಿಯ ಬಟವಾಡೆಯ ದಿನ, ಕೊಬ್ಬರಿ ಮಾರಿದ ದಿನ. ಅಲ್ಲಿಯವರೆಗೆ ‘ಬುಕ್ಕಿಗೆ ಬರ್ಕೊಳ್ಳಣ್ಣ’. ಒಬ್ಬರಿಗೆ ಹಂಗಾಮಿನ ಏರಿಳಿತ, ಇನ್ನೊಬ್ಬರಿಗೆ ಬಾಕಿಯ ಭಾರ. ಆದರೆ ಇಬ್ಬರ ಅಂಗಡಿಯೂ ಬಾಗಿಲು ಹಾಕುವ ಸ್ಥಿತಿಗೆ ಬಂದರೆ ಕಾರಣ ಬಹುಪಾಲು ಒಂದೇ ಆಗಿರುತ್ತದೆ. ವ್ಯಾಪಾರ ಕಡಿಮೆಯಾಗಿ ಮುಳುಗುವುದಕ್ಕಿಂತ ಹೆಚ್ಚಾಗಿ, ವ್ಯಾಪಾರ ಚೆನ್ನಾಗಿದ್ದಾಗಲೇ ಅಸಲನ್ನು ಲಾಭವೆಂದು ತಿಳಿದು ತಿಂದುಬಿಟ್ಟು ಸಣ್ಣ ವ್ಯಾಪಾರಿ ಮುಳುಗುತ್ತಾನೆ.

ಇದನ್ನು ಹೇಳುವುದಕ್ಕೆ ಬೆಳಗೊಳದಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಇಲ್ಲಿನ ಕಲ್ಲುಗಳ ಮೇಲೆ ಭಕ್ತಿಯ ಜೊತೆಗೆ ಹಣದ ಲೆಕ್ಕವೂ ಇದೆ. ಊರಿನ ಭಂಡಾರಿ ಬಸದಿ 1159ರದು. ಹೆಸರು ಬಂದದ್ದೇ ಅದನ್ನು ಕಟ್ಟಿಸಿದ ಹುಳ್ಳ, ಒಂದನೇ ನರಸಿಂಹನ ಭಂಡಾರಿ, ಅಂದರೆ ಬೊಕ್ಕಸ ನೋಡಿಕೊಳ್ಳುವವನು ಆಗಿದ್ದರಿಂದ. 1195ರಲ್ಲಿ ಮಂತ್ರಿ ನಾಗದೇವ ಕಟ್ಟಿಸಿದ ನಗರ ಜಿನಾಲಯವನ್ನು ನೋಡಿಕೊಂಡವರು ಊರಿನ ವರ್ತಕರ ಸಂಘದವರು. ಹದಿಮೂರನೇ ಶತಮಾನದ ಕೆಲವು ಶಾಸನಗಳಂತೂ ಇಂದಿನ ಠೇವಣಿ ರಸೀತಿಯಂತೆಯೇ ಇವೆ. ಭಕ್ತರೊಬ್ಬರು ಕೆಲವು ಗದ್ಯಾಣ ಕೊಡುತ್ತಾರೆ. ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ದಿನವೂ ಇಷ್ಟು ಅಳತೆಯ ಹಾಲು ಒದಗಬೇಕು. ಕೊಟ್ಟ ಗದ್ಯಾಣ ಹಾಗೇ ಇರಬೇಕು, ಹಾಲು ಬರಬೇಕಾದದ್ದು ಬಡ್ಡಿಯಿಂದ.

ಅಸಲು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಕಾಲ ಕಳೆದಂತೆ ಬೆಳಗೊಳದ ದೇವಸ್ಥಾನಕ್ಕೆ ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ವರ್ತಕರಲ್ಲಿ ಅಡವಿಟ್ಟುಬಿಟ್ಟಿದ್ದರು. ಪೂಜೆ ನಡೆಯಬೇಕಾದ ಆದಾಯದ ಮೂಲವೇ ಕೈಬಿಟ್ಟುಹೋಗಿತ್ತು. 1634ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಅಡವು ಹಿಡಿದವರನ್ನು ಕರೆಸಿ, ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದರು. ವರ್ತಕರು ತಂದೆತಾಯಿಗಳ ಪುಣ್ಯಕ್ಕೆಂದು ಸಾಲವನ್ನೇ ಬಿಟ್ಟುಕೊಟ್ಟರು. ಇನ್ನು ಮುಂದೆ ಈ ಭೂಮಿಯನ್ನು ಯಾರೂ ಅಡವಿಡಬಾರದು, ಯಾರೂ ಅಡವು ಹಿಡಿಯಬಾರದು ಎಂದು ಶಾಸನವಾಯಿತು. ದೇವರ ಆಸ್ತಿಗೆ ರಾಜ ಬಂದ. ಕಾಲುಚೀಲದ ಅಂಗಡಿಯ ಬಂಡವಾಳ ಅಡವಿಗೆ ಹೋದರೆ ಬಿಡಿಸಿಕೊಡಲು ಯಾರೂ ಬರುವುದಿಲ್ಲ.

ಆ ಅಂಗಡಿಯ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡಬಹುದು. ಅಂಕಿಗಳು ಇಲ್ಲಿ ಉದಾಹರಣೆಗೆ ಮಾತ್ರ. ತಮ್ಮ ಅಂಗಡಿಯದನ್ನು ಅವರವರೇ ಹಾಕಿಕೊಳ್ಳಬೇಕು. ಒಳ್ಳೆಯ ಹಂಗಾಮಿನ ಒಂದು ತಿಂಗಳು 90,000 ರೂಪಾಯಿ ವ್ಯಾಪಾರವಾಯಿತು ಅಂದುಕೊಳ್ಳೋಣ. ಮಾಲಿನ ಅಸಲು 60,000. ಬಾಡಿಗೆ, ಕರೆಂಟು, ಮಾಲು ತರುವ ಗಾಡಿ ಖರ್ಚು, ಎಲ್ಲ ಸೇರಿ 8,000. ಉಳಿದದ್ದು 22,000. ಗಲ್ಲಾಪೆಟ್ಟಿಗೆ ಮಾತ್ರ ಈ ಲೆಕ್ಕ ಹೇಳುವುದಿಲ್ಲ, ಅದರಲ್ಲಿ ಕಾಣುವುದು ತುಂಬಿದ ನೋಟು. ಮಗಳ ಶಾಲೆ ಫೀಸು, ಹಬ್ಬದ ಬಟ್ಟೆ, ನೆಂಟರ ಮದುವೆಯ ಮುಯ್ಯಿ, ಎಲ್ಲಕ್ಕೂ ಕೈ ಹೋಗುವುದು ಅದೇ ಪೆಟ್ಟಿಗೆಗೆ. ಸಂಜೆ ಮನೆಗೆ ಹೋಗುವಾಗ ಕಪಾಟಿನಿಂದ ತೆಗೆದುಕೊಂಡ ಸೋಪು, ಎಣ್ಣೆ, ಬಿಸ್ಕತ್ತು ಬುಕ್ಕಿಗೆ ಹತ್ತುವುದೇ ಇಲ್ಲ. ಗಿರಾಕಿ ಕೊಂಡ ಒಂದು ಬೆಂಕಿಪೊಟ್ಟಣ ಲೆಕ್ಕಕ್ಕೆ ಬರುತ್ತದೆ, ಮಾಲೀಕ ಒಯ್ದ ಎಣ್ಣೆ ಬರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಸಿಗರು ಕಡಿಮೆಯಾಗಿ ವ್ಯಾಪಾರ ಅರ್ಧಕ್ಕೆ ಇಳಿಯಿತು ಎನ್ನಿ. 45,000 ವ್ಯಾಪಾರ, 30,000 ಅಸಲು, ಖರ್ಚು ಅದೇ 8,000. ಬಾಡಿಗೆ ಕೊಡುವ ಕೈಗೆ ಹಂಗಾಮು ಎಂಬುದಿಲ್ಲ. ಉಳಿಯುವುದು ಬರೀ 7,000. ಮನೆ ನಡೆಯುವುದಕ್ಕೆ ತಿಂಗಳಿಗೆ 15,000 ಬೇಕು. ನಾಲ್ಕು ತಿಂಗಳಲ್ಲಿ 32,000 ಕೊರತೆ. ಒಳ್ಳೆಯ ಎಂಟು ತಿಂಗಳಲ್ಲಿ ಬಂದ 22,000ವನ್ನು ಪೂರ್ತಿ ಖರ್ಚು ಮಾಡಿದವರು ಈ ಕೊರತೆಯನ್ನು ತುಂಬುವುದು ಮಾಲಿನ ದುಡ್ಡಿನಿಂದ, ಇಲ್ಲವೇ ಸಾಲದಿಂದ. ಅದರ ಬದಲು ವರ್ಷದ ಹನ್ನೆರಡು ತಿಂಗಳೂ ಅಂಗಡಿಯಿಂದ 15,000 ಮಾತ್ರ ಸಂಬಳದಂತೆ ತೆಗೆದುಕೊಂಡಿದ್ದರೆ? ಎಂಟು ತಿಂಗಳಲ್ಲಿ 56,000 ಉಳಿಯುತ್ತಿತ್ತು. ಮಳೆಗಾಲದ 32,000 ಅದರಲ್ಲೇ ಕಳೆದು, ವರ್ಷದ ಕೊನೆಗೆ 24,000 ಕೈಯಲ್ಲಿರುತ್ತಿತ್ತು.

ವ್ಯಾಪಾರ ಅದೇ, ಲಾಭ ಅದೇ. ಬದಲಾದದ್ದು ಮಾಲೀಕ ತನಗೆ ತಾನು ಸಂಬಳ ಗೊತ್ತುಮಾಡಿಕೊಂಡದ್ದು ಮಾತ್ರ. ಹಣಕಾಸಿನ ಯೋಜನೆ ಎಂದರೆ ಶೇರು ಪೇಟೆ, ಮ್ಯೂಚುವಲ್ ಫಂಡು ಎಂದು ಹೆದರಿ ದೂರ ನಿಲ್ಲುವವರು ಇಲ್ಲಿಂದ ಶುರುಮಾಡಬಹುದು. ದಿನಕ್ಕೆ ಐದು ನಿಮಿಷ, ಎರಡು ನೋಟ್‌ಬುಕ್ಕು: ಒಂದು ಅಂಗಡಿಯದು, ಒಂದು ಮನೆಯದು. ಹೆಂಡತಿಯೋ ಮಗನೋ ಅಂಗಡಿಯಲ್ಲಿ ಕೂರುತ್ತಿದ್ದರೆ ಅವರ ದುಡಿಮೆಯನ್ನೂ ಬರೆಯಬೇಕು. ಬರೆಯದೆ ಹೋದರೆ ಅಂಗಡಿ ಲಾಭದಲ್ಲಿದೆ ಎಂಬ ಭ್ರಮೆ ಉಳಿಯುತ್ತದೆ. ನಿಜವಾಗಿ ಅದು ನಡೆಯುತ್ತಿರುವುದು ಮನೆಯವರ ಬಿಟ್ಟಿ ದುಡಿಮೆಯ ಮೇಲೆ.

ಹಾಸನ ಜಿಲ್ಲೆಯ ವ್ಯಾಪಾರಿಗಳಿಗೆ ಇನ್ನೊಂದು ಪಂಚಾಂಗವೂ ಗೊತ್ತಿರಬೇಕು, ಗಿರಾಕಿಯ ಬೆಳೆಯದು. ಹಾಸನದ ಸುತ್ತ ಆಲೂಗೆಡ್ಡೆ: ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಬರುತ್ತದೆ, ಮುಂಗಾರಿಗೆ ನಾಟಿ. ಅಂಗಮಾರಿ ಬಿದ್ದ ವರ್ಷ ರೈತನ ಜೊತೆ ಅವನಿಗೆ ಗೊಬ್ಬರ, ಔಷಧಿ ಸಾಲ ಕೊಟ್ಟ ಅಂಗಡಿಯೂ ಕುಸಿಯುತ್ತದೆ. ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಅಲ್ಲಿ ಹರಾಜು ನಡೆಯುವ ತಿಂಗಳುಗಳಲ್ಲಿ ಬಟ್ಟೆ ಅಂಗಡಿಯಿಂದ ಚಿನ್ನದ ಅಂಗಡಿಯವರೆಗೆ ಎಲ್ಲ ಕಡೆ ಕಳೆ. ಹೊಳೆನರಸೀಪುರದಲ್ಲಿ ಹೇಮಾವತಿ ನೀರು, ಭತ್ತ. ಚನ್ನರಾಯಪಟ್ಟಣದಲ್ಲಿ ತೆಂಗು. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2024ರ ಹಂಗಾಮಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಪೇಟೆಯ ದರ ಅದಕ್ಕಿಂತ ಕೆಳಗೆ ಬಿದ್ದರೆ ರೈತ ಮೂಟೆಯನ್ನು ಅಟ್ಟದ ಮೇಲೇ ಇಟ್ಟು ಕಾಯುತ್ತಾನೆ. ಅವನು ಕಾದಷ್ಟು ದಿನ ಕಿರಾಣಿ ಅಂಗಡಿಯ ಬಾಕಿಯೂ ಕಾಯುತ್ತದೆ.

ಬಾಕಿ ಕೊಡಲೇಬೇಡಿ ಎಂದು ಹಳ್ಳಿ ಅಂಗಡಿಯವರಿಗೆ ಹೇಳುವುದು ಸುಲಭ. ಅದು ಆಗುವ ಮಾತಲ್ಲ. ಬಾಕಿ ಕೊಡದ ಅಂಗಡಿಗೆ ಹಳ್ಳಿಯಲ್ಲಿ ಗಿರಾಕಿ ಇರುವುದಿಲ್ಲ. ಆದರೆ ಮಿತಿ ಇಡಬಹುದು. ಒಂದು ಮನೆಗೆ ಇಷ್ಟು, ಒಟ್ಟು ಬಾಕಿ ಬಂಡವಾಳದ ಇಷ್ಟು ಪಾಲು ದಾಟಬಾರದು, ಡೇರಿ ಬಟವಾಡೆಯ ದಿನ ಸ್ವಲ್ಪವಾದರೂ ಕಟ್ಟಬೇಕು. ಹಾಲಿನ ದುಡ್ಡು ಈ ಭಾಗದ ದೊಡ್ಡ ಆಸರೆ. ಬೆಳೆಯ ದುಡ್ಡು ವರ್ಷಕ್ಕೊಮ್ಮೆ ಬಂದರೆ ಹಾಲಿನದು ತಪ್ಪದೆ ಬರುತ್ತದೆ. ಬಾಕಿಯ ಬುಕ್ಕನ್ನು ಅದಕ್ಕೆ ಹೊಂದಿಸಿಕೊಂಡ ಅಂಗಡಿಯವರು ಬೆಳೆ ಕೈಕೊಟ್ಟ ವರ್ಷವೂ ತಡೆದುಕೊಳ್ಳುತ್ತಾರೆ.

ಇನ್ನು ಸಂಜೆ ಅಂಗಡಿಯ ಮುಂದೆ ಬಂದು ನಿಲ್ಲುವ ಬೈಕಿನ ವಿಷಯ. ಕೈಚೀಲ, ರಸೀತಿ ಪುಸ್ತಕ ಅಥವಾ ಸಣ್ಣ ಮಿಷನ್ನು, ದಿನಕ್ಕೆ ನೂರು ರೂಪಾಯಿ ವಸೂಲಿ. ನೋಡುವುದಕ್ಕೆ ಒಂದೇ ಥರ ಕಂಡರೂ ಈ ಬೈಕು ಎರಡು ಬಗೆಯದು.

ಒಂದು ಪಿಗ್ಮಿಯದು. ಇದು ಕನ್ನಡ ನಾಡೇ ದೇಶಕ್ಕೆ ಕೊಟ್ಟ ಕಾಣಿಕೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವ ನೇಕಾರ, ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವರ ಮನೆ ಬಾಗಿಲಿಗೇ ಏಜೆಂಟರು ಹೋಗಿ ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಂಡು ಬಂದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಎಲ್ಲ ಊರಿನ ಸಹಕಾರಿ ಸಂಘಗಳಲ್ಲೂ ಉಳಿದಿದೆ. ದಿನಕ್ಕೆ ನೂರು ಕಟ್ಟಿದರೆ ವರ್ಷಕ್ಕೆ 36,500 ರೂಪಾಯಿ. ಬಡ್ಡಿ ಹೆಚ್ಚೇನೂ ಬರುವುದಿಲ್ಲ, ವರ್ಷ ತುಂಬುವ ಮೊದಲೇ ತೆಗೆದರೆ ಕಡಿತವೂ ಆಗಬಹುದು. ಆದರೂ ಗಲ್ಲಾದಿಂದ ಹಣ ದಿನವೂ ಸ್ವಲ್ಪ ಸ್ವಲ್ಪ ಆಚೆ ಹೋಗಿ ಕೂರುತ್ತದಲ್ಲ, ಅದರ ಬೆಲೆ ದೊಡ್ಡದು.

ಎರಡನೇ ಬೈಕು ಫೈನಾನ್ಸಿನದು. ಹತ್ತು ಸಾವಿರ ಸಾಲ. ಮೊದಲೇ ಸಾವಿರ ಹಿಡಿದುಕೊಂಡು ಒಂಬತ್ತು ಸಾವಿರ ಕೈಗೆ. ದಿನಕ್ಕೆ ನೂರರಂತೆ ನೂರು ದಿನ ವಾಪಸು. ಕೇಳುವುದಕ್ಕೆ ‘ಬರೀ ಸಾವಿರ ರೂಪಾಯಿ ಬಡ್ಡಿ’. ಆದರೆ ಮೊದಲ ದಿನದಿಂದಲೇ ಅಸಲು ತೀರುತ್ತಾ ಹೋಗುವುದರಿಂದ ಪೂರ್ತಿ ಒಂಬತ್ತು ಸಾವಿರ ಸಾಲಗಾರನ ಕೈಯಲ್ಲಿ ನೂರು ದಿನ ಇರುವುದೇ ಇಲ್ಲ. ಲೆಕ್ಕ ಹಾಕಿದರೆ ಇದು ವರ್ಷಕ್ಕೆ ಶೇ 77ರ ಆಸುಪಾಸಿನ ಬಡ್ಡಿ. ಯಾವ ಸೌತೆಕಾಯಿ ಗಾಡಿಯೂ ಇಷ್ಟು ಲಾಭ ಹುಟ್ಟಿಸಿ ಬಡ್ಡಿ ಕಟ್ಟಿ ಮನೆಯನ್ನೂ ಸಾಕಲಾರದು.

ಇಷ್ಟು ಒರಟಾಗಿ ಅಲ್ಲದಿದ್ದರೂ, ‘ಫ್ಲಾಟ್’ ಬಡ್ಡಿಯಲ್ಲೂ ಇದೇ ಕಣ್ಕಟ್ಟು. ಒಂದು ಲಕ್ಷಕ್ಕೆ ಶೇ 12ರ ಫ್ಲಾಟ್ ಬಡ್ಡಿ ಎಂದರೆ ವರ್ಷಕ್ಕೆ 12,000 ಬಡ್ಡಿ ಸೇರಿಸಿ ಹನ್ನೆರಡು ಕಂತು ಮಾಡುತ್ತಾರೆ, ತಿಂಗಳಿಗೆ 9,333. ಕಟ್ಟಿದ ಕಂತಿನಷ್ಟು ಅಸಲು ಕಡಿಮೆಯಾದರೂ ಬಡ್ಡಿ ಪೂರ್ತಿ ಲಕ್ಷದ ಮೇಲೇ ಇರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕಕ್ಕೆ ತಂದರೆ ಇದು ಸುಮಾರು ಶೇ 21.5 ಆಗುತ್ತದೆ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬಡ್ಡಿ ಯಾವುದರ ಮೇಲೆ, ಮೊದಲು ಕೊಟ್ಟ ಅಸಲಿನ ಮೇಲೋ, ಉಳಿದ ಅಸಲಿನ ಮೇಲೋ?

ಕಿರುಸಾಲದ ವಸೂಲಿಗಾರರ ಕಾಟಕ್ಕೆ ಹೆದರಿ ಜನ ಊರು ಬಿಟ್ಟ ಸುದ್ದಿಗಳು ರಾಜ್ಯದ ಉದ್ದಗಲ ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ಕಾನೂನು ಬೇಕಾಗಿತ್ತು, ಬಂತು. ಆದರೆ ಕಾನೂನು ಬರುವುದು ಕಾಟ ಶುರುವಾದ ಮೇಲೆ. ಸಾಲ ಹುಟ್ಟುವುದು ಅದಕ್ಕೂ ಮೊದಲು, ಆ ಮಳೆಗಾಲದ 32,000ದ ಕೊರತೆಯಲ್ಲಿ.

ಸಾಲ ಬೇಕೇಬೇಕಾದರೆ ಕಡಿಮೆ ಬಡ್ಡಿಯ ದಾರಿಗಳಿವೆ. 2015ರ ಏಪ್ರಿಲ್‌ನಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ: 50,000ದವರೆಗೆ ಶಿಶು, ಐದು ಲಕ್ಷದವರೆಗೆ ಕಿಶೋರ, ಹತ್ತು ಲಕ್ಷದವರೆಗೆ ತರುಣ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಕೊಡುವ ವ್ಯವಸ್ಥೆ 2024ರಲ್ಲಿ ಬಂತು. ಪಟ್ಟಣದ ಬೀದಿಬದಿ ವ್ಯಾಪಾರಿಗಳಿಗೆ ಕೋವಿಡ್ ವರ್ಷದಲ್ಲಿ ಬಂದ ಸ್ವನಿಧಿ ಇದೆ. ಸಕಾಲಕ್ಕೆ ತೀರಿಸಿದವರಿಗೆ ಬಡ್ಡಿಯಲ್ಲಿ ಶೇ 7 ಸಹಾಯಧನ. ಬ್ಯಾಂಕಿನವರು ಕೇಳುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ. ‘ಮಾಡಿಸಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವವರಿಗೆ ಕೊಡಬೇಕಾಗಿಯೂ ಇಲ್ಲ. ಚೀಟಿ ಹಾಕುವವರು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ್ದೇ ಎಂದು ನೋಡಬೇಕು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪರಿಚಯದವರ ಚೀಟಿ ಮುಳುಗಿ ಗೆಳೆತನವೂ ಅಸಲೂ ಒಟ್ಟಿಗೆ ಹೋದ ಕಥೆ ಇಲ್ಲದ ಬೀದಿ ಇಲ್ಲ.

ಎರಡು ನೋಟ್‌ಬುಕ್ಕಿನ ಮಾತು ಎಷ್ಟು ಮುಖ್ಯ ಎಂಬುದನ್ನು ರಾಜ್ಯದ ವ್ಯಾಪಾರಿಗಳು 2025ರ ಜುಲೈನಲ್ಲಿ ನೋವಿನಿಂದ ಕಲಿತರು. ಯುಪಿಐಯಲ್ಲಿ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮೇಲೆ ಲಕ್ಷಗಟ್ಟಲೆ ತೆರಿಗೆ. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳು ರಾಜಿ ತೆರಿಗೆಗೆ ಒಪ್ಪಿದರೆ ವಹಿವಾಟಿನ ಮೇಲೆ ಶೇ 1 ಕಟ್ಟಿದರೆ ಸಾಕು. ತರಕಾರಿ, ಹಣ್ಣು, ಎಳನೀರು, ಬಿಡಿ ಹಾಲಿಗೆ ತೆರಿಗೆಯೇ ಇಲ್ಲ.

ಆಗ ಹೆಚ್ಚು ಕಷ್ಟಪಟ್ಟವರು ಒಂದೇ ಖಾತೆಯಲ್ಲಿ ಎಲ್ಲವನ್ನೂ ನಡೆಸುತ್ತಿದ್ದವರು. ತಮ್ಮ ಕಳಿಸಿದ ಕೈಸಾಲ, ಸ್ನೇಹಿತ ವಾಪಸು ಕೊಟ್ಟ ದುಡ್ಡು, ಮಗಳ ಮದುವೆಗೆ ನೆಂಟರು ಹಾಕಿದ ಮುಯ್ಯಿ, ಎಲ್ಲವೂ ಅಂಗಡಿಯ ಕ್ಯೂಆರ್ ಕೋಡಿಗೇ ಬಂದಿತ್ತು. ಯಾವುದು ವ್ಯಾಪಾರ, ಯಾವುದು ಅಲ್ಲ ಎಂದು ಮೂರು ನಾಲ್ಕು ವರ್ಷದ ಹಿಂದಿನದನ್ನು ಯಾರು ಬಿಡಿಸಿ ಹೇಳಬೇಕು? ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಇದ್ದವರಿಗೆ ಉತ್ತರ ಪಾಸ್‌ಬುಕ್ಕಿನಲ್ಲೇ ಇತ್ತು.

ಅಸಲು ಮುರಿಯುವ ಇನ್ನೊಂದು ದೊಡ್ಡ ಕಾರಣ ಆಸ್ಪತ್ರೆ. ಒಬ್ಬನೇ ನಡೆಸುವ ಅಂಗಡಿಯಲ್ಲಿ ಅವನು ಮಲಗಿದರೆ ಎರಡು ಪೆಟ್ಟು: ಬಿಲ್ಲು ಬರುತ್ತದೆ, ಬಾಗಿಲು ಮುಚ್ಚುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ಜೀವವಿಮೆ, 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಬ್ಯಾಂಕಿನಲ್ಲೇ ಸಿಗುತ್ತದೆ. ಎರಡೂ ಸೇರಿ 456 ರೂಪಾಯಿ, ಹಂಗಾಮಿನ ಒಂದು ಭಾನುವಾರದ ಎಳನೀರಿನ ವ್ಯಾಪಾರ. ಖಾತೆಯಲ್ಲಿ ಆ ದಿನ ಹಣ ಇಲ್ಲದೆ ಕಂತು ಕಟ್ಟಾಗದೆ ವಿಮೆ ನಿಂತುಹೋಗುವುದು ಸಾಮಾನ್ಯ. ಮೇ ಕೊನೆಯಲ್ಲಿ ಒಮ್ಮೆ ಪಾಸ್‌ಬುಕ್ಕು ನೋಡಿಕೊಳ್ಳಬೇಕು.

ಇವೆಲ್ಲದರ ಆಚೆ, ಕೆಟ್ಟುಹೋಗುವ ವಸ್ತುಗಳ ಲೆಕ್ಕ. ಫ್ರಿಜ್ಜು, ತಕ್ಕಡಿ, ಮಳೆಗೆ ಸೋರುವ ಶೀಟು ಒಂದಲ್ಲ ಒಂದು ದಿನ ಕೈಕೊಡುತ್ತವೆ; ಆ ದಿನ ಆಘಾತದಂತೆ ಬರಬೇಕಾಗಿಲ್ಲ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ ಬುಕ್ಕರಾಯನ ಶಾಸನ ಇದೇ ಬೆಳಗೊಳದಲ್ಲಿದೆ. ಜೈನರ ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಎತ್ತಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿಸಬೇಕು ಎಂದು ಅದರಲ್ಲಿ ಬರೆದಿದೆ. ಕಟ್ಟಡ ಹಳೆಯದಾಗುತ್ತದೆ ಎಂಬುದನ್ನು ಒಪ್ಪಿಕೊಂಡು ಮೊದಲೇ ಅದಕ್ಕೆ ಹಣ ಗೊತ್ತುಮಾಡಿದ ಬರಹ ಅದು. 24,000ದ ಫ್ರಿಜ್ಜು ಎಂಟು ವರ್ಷ ಬಾಳಿಕೆ ಬಂದರೆ ತಿಂಗಳಿಗೆ 250 ರೂಪಾಯಿ ಅದಕ್ಕೆಂದೇ ಎತ್ತಿಡಬೇಕು.

ಬೆಟ್ಟದ ಬುಡದ ಅಂಗಡಿಗಳ ಮುಂದೆ ಈಗ ದೊಡ್ಡ ಹಂಗಾಮೊಂದಿದೆ. ಮಹಾಮಸ್ತಕಾಭಿಷೇಕ 2006ರಲ್ಲಿ ಆಯಿತು, ಆಮೇಲೆ 2018ರ ಫೆಬ್ರುವರಿಯಲ್ಲಿ. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ ಬರಬೇಕು. ಅಷ್ಟು ಜನ ಬರುವ ದಿನಗಳಿಗೆ ಮಾಲು ತುಂಬಿಸಲು ಸಾಲ ಮಾಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಉತ್ಸವ ಮುಗಿದು ಪೆಂಡಾಲು ಬಿಚ್ಚಿದ ಮೇಲೆ ಉಳಿದ ಮಾಲೂ ಸಾಲವೂ ಅಂಗಡಿಯಲ್ಲೇ ಇರುತ್ತವೆ. ಅದರ ಬದಲು ಪಿಗ್ಮಿಗೆ ದಿನಕ್ಕೆ ನೂರರಂತೆ ಮೂರು ವರ್ಷ ಕಟ್ಟಿದರೆ, ಬಡ್ಡಿ ಬಿಟ್ಟೇ 1,09,500 ರೂಪಾಯಿ ಆಗುತ್ತದೆ. ಒಂದು ಜೊತೆಯ ಅಸಲು 15 ರೂಪಾಯಿ ಅಂದುಕೊಂಡರೆ, ಯಾರ ಮುಂದೆಯೂ ಕೈಚಾಚದೆ 7,300 ಜೊತೆ ಕಾಲುಚೀಲ ತಂದು ಪೇರಿಸಿಕೊಳ್ಳಬಹುದು.